ಸರ್ವಜನರಚಿತ ವಿಶ್ವಕೋಶವೂ ದರ್ಶನಲೇಖನಗಳ ಶುದ್ಧಿಯೂ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಲ್ಪಟ್ಟ ಉಪನ್ಯಾಸ)

ಶ್ರೀ ಗುರುಬಸವಲಿಂಗಾಯ ನಮಃ



ಸಕಲ ವಿದ್ಯೆಗಳ ಸಾರವನ್ನು ಒಂದೆಡೆಯಲ್ಲಿ ಸಂಗ್ರಹಿಸಿ ಜನರ ಕೈಗೆ ಕೊಡುವ ಕಾರ್ಯವು ಕನ್ನಡ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ನಿಜಗುಣ ಶಿವಯೋಗಿಗಳು ನಾನಾ ಶಾಸ್ತ್ರಗಳ ವಿಷಯಗಳನ್ನು ಕನ್ನಡ ಗದ್ಯದಲ್ಲಿ ಅಳವಡಿಸಿ ‘ವಿವೇಕಚಿಂತಾಮಣಿ’ಯನ್ನು ಅನುಗ್ರಹಿಸಿದರು. ಕೆಳದಿಯ ಬಸವಪ್ಪನಾಯಕನು ‘ಶಿವತತ್ತ್ವರತ್ನಾಕರ’ವನ್ನು ಬರೆದನು. ಈಚಿನ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಮೊದಲನೆಯ ಸಂಪುಟವನ್ನು 1969 ರಲ್ಲಿ ಪ್ರಕಟಿಸಿ, ಆ ಕಾರ್ಯವನ್ನು ಹದಿನಾಲ್ಕು ಸಂಪುಟಗಳವರೆಗೆ ನಡೆಯಿಸಿತು. ಇವೆಲ್ಲವೂ ಒಬ್ಬ ಯೋಗಿಯ, ಒಬ್ಬ ಅರಸನ, ಅಥವಾ ಒಂದು ವಿದ್ವನ್ಮಂಡಲಿಯ ಹೊಣೆಯಲ್ಲಿ ಹುಟ್ಟಿದ ಗ್ರಂಥಗಳು. ಅವುಗಳಲ್ಲಿ ಒಂದು ಮಾತು ತಪ್ಪಾಗಿದ್ದರೆ ಯಾರನ್ನು ಕೇಳಬೇಕೆಂಬುದು ಓದುವವನಿಗೆ ತಿಳಿದಿರುತ್ತಿತ್ತು.

ಆದರೆ ಇಂದು ಲೋಕದಲ್ಲಿ ಅತ್ಯಧಿಕವಾಗಿ ಓದಲ್ಪಡುತ್ತಿರುವ ವಿಶ್ವಕೋಶವು ಇಂತಹದಲ್ಲ. ಅದನ್ನು ಬರೆದವರು ಇಂಥವರೇ ಎಂದು ಹೇಳುವಂತಿಲ್ಲ. ಓದುವವನೇ ಬರೆಯುವವನೂ ಆಗಬಹುದು. ಬರೆದವನೇ ತಿದ್ದಿಸಿಕೊಳ್ಳುವವನೂ ಆಗಬೇಕಾಗುವುದು. ಅಂತರ್ಜಾಲದಲ್ಲಿರುವ ಈ ವಿಕಿಪೀಡಿಯವೆಂಬ ಕೋಶದಲ್ಲಿ ದರ್ಶನಶಾಸ್ತ್ರದ ಲೇಖನಗಳು ಯಾವ ಸ್ಥಿತಿಯಲ್ಲಿರುವುವು, ಅವು ಹೇಗೆ ಶುದ್ಧಿಯನ್ನು ಹೊಂದಬೇಕು, ಆ ಶುದ್ಧಿಕಾರ್ಯದಲ್ಲಿ ಶ್ರೀಮಠದ ಶಿಷ್ಯವರ್ಗದ ಹೊಣೆಯೇನು ಎಂಬುದೇ ಈ ಉಪನ್ಯಾಸದ ವಿಷಯವಾಗಿರುವುದು.

ಈ ಕೋಶದ ಉತ್ಪತ್ತಿಯ ಕಥೆಯೇ ಬೋಧಪ್ರದವಾದುದು. 2000 ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಜಿಮ್ಮಿ ವೇಲ್ಸ್ ಎಂಬವರು ‘ನ್ಯೂಪೀಡಿಯ’ವೆಂಬ ಕೋಶವನ್ನು ತೊಡಗಿದರು. ಅದರ ಸಂಪಾದಕರಾಗಿ ಬಂದ ಲ್ಯಾರಿ ಸ್ಯಾಂಗರ್ ಎಂಬವರು ದರ್ಶನಶಾಸ್ತ್ರದಲ್ಲಿಯೇ, ಅದರಲ್ಲಿಯೂ ಜ್ಞಾನಮೀಮಾಂಸೆಯಲ್ಲಿ, ಪಾಂಡಿತ್ಯಪದವಿಯನ್ನು ಪಡೆದವರು. ಪ್ರತಿಯೊಂದು ಲೇಖನವೂ ತಜ್ಞರಿಂದ ಬರೆಯಲ್ಪಟ್ಟು, ಏಳು ಹಂತಗಳ ಪರೀಕ್ಷೆಯನ್ನು ದಾಟಿದ ಮೇಲೆಯೇ ಪ್ರಕಟವಾಗತಕ್ಕದ್ದೆಂಬುದು ಅಲ್ಲಿಯ ಕಟ್ಟಳೆ. ಕಟ್ಟಳೆಯೇನೋ ಯೋಗ್ಯವಾದುದೇ, ಆದರೆ 2003 ರಲ್ಲಿ ಆ ಕೋಶವು ಮುಚ್ಚುವವರೆಗೆ ಪೂರ್ಣವಾಗಿ ಅಂಗೀಕೃತವಾದ ಲೇಖನಗಳ ಸಂಖ್ಯೆಯು ಮೂವತ್ತನ್ನೂ ಮುಟ್ಟಲಿಲ್ಲ. ಅದಕ್ಕೆ ಸಹಾಯವಾಗಲೆಂದು 2001 ನೆಯ ಇಸವಿ ಜನವರಿ 15 ರಂದು ತೆರೆಯಲ್ಪಟ್ಟ, ಯಾರು ಬೇಕಾದರೂ ಬರೆಯಬಹುದಾದ ಕೋಶವೇ ವಿಕಿಪೀಡಿಯ. ಅದರಲ್ಲಿ ಒಂದು ವರುಷ ಕಳೆಯುವಷ್ಟರಲ್ಲಿಯೇ ಸುಮಾರು 20,000 ಲೇಖನಗಳು ಸೇರಿದುವು. ಈಗ ಇಂಗ್ಲಿಷ್ ಭಾಷೆಯೊಂದರಲ್ಲಿಯೇ 60 ಲಕ್ಷಕ್ಕೂ ಮಿಕ್ಕಿ ಲೇಖನಗಳಿರುವುವು. ಕನ್ನಡದ ವಿಕಿಪೀಡಿಯವು 2003 ರಲ್ಲಿ ಆರಂಭವಾಗಿ, ಈಗ 30,000ಕ್ಕೂ ಮೇಲ್ಪಟ್ಟ ಲೇಖನಗಳನ್ನು ಹೊಂದಿರುವುದು. ತಜ್ಞರ ಕೋಶವು ಸೊರಗಿತು, ಸರ್ವರ ಕೋಶವು ಬೆಳೆಯಿತು. ಸ್ಯಾಂಗರರು ಮಾತ್ರ 2002 ರಲ್ಲಿ ಅದನ್ನು ಬಿಟ್ಟು ಹೊರಟು, ತಜ್ಞರಿಗೆ ಅಲ್ಲಿ ತಕ್ಕ ಮನ್ನಣೆಯಿಲ್ಲವೆಂದು ಆಕ್ಷೇಪಿಸಿದರು. ಬೆಳೆದುದು ನಿಜ, ಆಕ್ಷೇಪವೂ ನಿಜ. ಈ ಎರಡು ನಿಜಗಳ ನಡುವೆಯೇ ಇಂದಿನ ಪ್ರಶ್ನೆಯು ನಿಂತಿರುವುದು.

ಪೂರ್ವಪಕ್ಷವನ್ನು ಮೊದಲು ಹೇಳುವುದು ಶಾಸ್ತ್ರಮರ್ಯಾದೆ. ಪಾಠಶಾಲೆಯಲ್ಲಿ ಓದಿದವರು ಹೀಗೆ ಕೇಳುವರು: “ಪ್ರತಿಯೊಂದು ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವಿರುವುದು. ತರ್ಕಸಂಗ್ರಹವನ್ನೂ ಓದದವನು ಪ್ರಮಾಣವನ್ನು ಕುರಿತು ಬರೆಯಬಹುದೇ? ಅಂಗವೆಂದರೇನು ಲಿಂಗವೆಂದರೇನು ಎಂಬುದನ್ನರಿಯದವನು ಷಟ್‌ಸ್ಥಲವನ್ನು ಕುರಿತು ಬರೆಯಬಹುದೇ? ಅಧಿಕಾರಿಯೇ ಇಲ್ಲದ ಗ್ರಂಥವು ಗ್ರಂಥವೇ ಅಲ್ಲ. ಅದನ್ನು ದೂರವಿಡುವುದೇ ಲೇಸು.”

ಈ ಆಕ್ಷೇಪವು ಬಲವಾದುದೇ. ಆದರೆ ಇದರಿಂದ ಸಿದ್ಧಿಸುವುದು ಅಧಿಕಾರಿಗಳು ಅಲ್ಲಿಗೆ ಹೋಗಬೇಕೆಂಬುದೇ ಹೊರತು ಹೋಗಬಾರದೆಂಬುದಲ್ಲ. ದೂರವಿಟ್ಟ ಮಾತ್ರಕ್ಕೆ ಆ ಕೋಶವು ಓದಲ್ಪಡದೆ ಉಳಿಯುವುದಿಲ್ಲ. ಮಠದ ಮುಖವನ್ನೇ ಕಾಣದ ಪರದೇಶದ ಜಿಜ್ಞಾಸುವೊಬ್ಬನಿಗೆ ಇಷ್ಟಲಿಂಗವೆಂದರೇನೆಂದು ಅರಿಯುವ ಆಸೆಯಾದರೆ, ಅವನು ಮೊದಲು ತೆರೆಯುವುದು ಈ ಕೋಶದ ಪುಟವನ್ನೇ. ಉದ್ಯೋಗನಿಮಿತ್ತವಾಗಿ ಹೊರನಾಡಿಗೆ ಹೋಗಿರುವ ಭಕ್ತರ ಮಕ್ಕಳು, ಅಜ್ಜಿಯು ಕಟ್ಟಿದ ಕರಡಿಗೆಯ ಅರ್ಥವನ್ನು ಹುಡುಕುವುದೂ ಅಲ್ಲಿಯೇ. ಪ್ರಶ್ನೆ ಕೇಳಿದೊಡನೆ ಉತ್ತರ ಹೇಳುವ ಯಂತ್ರಗಳು ಇತ್ತೀಚೆಗೆ ಬಂದಿರುವುವಷ್ಟೆ? ಅವು ಕೂಡ ತಮ್ಮ ವಿದ್ಯೆಯ ಒಂದು ಪಾಲನ್ನು ಇದೇ ಪುಟಗಳಿಂದ ಕಲಿತಿರುವುವು. ಹೀಗಿರಲಾಗಿ ಅಲ್ಲಿ ಬಿದ್ದ ಒಂದು ತಪ್ಪು ಕೆರೆಯಲ್ಲಿ ಬಿದ್ದ ವಿಷದಂತೆ ಎಲ್ಲ ಕಾಲುವೆಗಳಿಗೂ ಹರಿಯುವುದು. ಕೆರೆಯನ್ನು ಶುದ್ಧಗೊಳಿಸದೆ ಮನೆಯ ಕೊಡವನ್ನು ಮಾತ್ರ ಬೆಳಗಿದರೆ ಫಲವೇನು?

ಅನೇಕರು ಕೂಡಿ ಒಂದು ತತ್ತ್ವಗ್ರಂಥವನ್ನು ತಿದ್ದುತ್ತ ಬಂದ ನಿದರ್ಶನವು ಶರಣಪರಂಪರೆಯಲ್ಲಿಯೇ ಉಂಟು. ‘ಶೂನ್ಯಸಂಪಾದನೆ’ಯನ್ನು ಮೊದಲು ಸಂಕಲಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಅವರ ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಅದನ್ನೇ ಮತ್ತೆ ಮತ್ತೆ ಪರಿಷ್ಕರಿಸಿದರು. ಸಿದ್ಧರಾಮೇಶ್ವರರ ದೀಕ್ಷಾಪ್ರಸಂಗವನ್ನು ಕುರಿತು ಆದಿಯ ಸಂಕಲನಕ್ಕೂ ಅನಂತರದವುಗಳಿಗೂ ಭೇದವಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ. ಹಿಂದಿನವರ ಮಾತು ಸಾಲದೆಂದು ತೋರಿದಲ್ಲಿ ಮುಂದಿನವರು ಸೇರಿಸಿದರು. ಆದರೂ ಹಿಂದಿನವರ ಪ್ರತಿಯು ನಾಶವಾಗಲಿಲ್ಲ. ನಾಲ್ಕನ್ನೂ ಎದುರಿಗಿಟ್ಟುಕೊಂಡು ಇಂದಿಗೂ ಹೋಲಿಸಬಹುದು. ವಿಕಿಪೀಡಿಯದ ಕ್ರಮವೂ ಇದೇ ಬಗೆಯದು. ಅಲ್ಲಿ ಪ್ರತಿಯೊಂದು ಲೇಖನದ ಬೆನ್ನಿಗೆ ಅದರ ‘ಇತಿಹಾಸ’ವೆಂಬ ಪುಟವಿರುವುದು, ಯಾವ ದಿವಸ, ಯಾವ ಹೊತ್ತಿನಲ್ಲಿ, ಯಾವ ಹೆಸರಿನವನು ಯಾವ ಅಕ್ಷರವನ್ನು ತಿದ್ದಿದನೆಂಬುದು ಅದರಲ್ಲಿ ಉಳಿದಿರುವುದು. ‘ಚರ್ಚೆ’ಯೆಂಬ ಮತ್ತೊಂದು ಪುಟವಿದ್ದು, ತಿದ್ದುಪಡಿಯ ಕಾರಣವನ್ನು ಅಲ್ಲಿ ವಾದಿಸಬಹುದು. ಶೂನ್ಯಸಂಪಾದನೆಯ ಪರಿಷ್ಕಾರಕರು ಅನುಭಾವಿಗಳಾಗಿದ್ದರು, ಇಲ್ಲಿಯವರು ಯಾರೋ ತಿಳಿಯದು, ಎಂಬ ವ್ಯತ್ಯಾಸವು ದೊಡ್ಡದೇ ಸರಿ. ಆ ಕೊರತೆಯನ್ನು ತುಂಬಲಿಕ್ಕಾಗಿಯೇ ನಿಯಮಗಳು ಏರ್ಪಟ್ಟಿರುವುವು.

ಆ ನಿಯಮಗಳಲ್ಲಿ ಮೂರು ಮುಖ್ಯವಾದುವು. ಒಂದನೆಯದು ಮಧ್ಯಸ್ಥದೃಷ್ಟಿ: ಮತಭೇದವಿರುವ ವಿಷಯದಲ್ಲಿ ಲೇಖನವು ಯಾವ ಪಕ್ಷವನ್ನೂ ವಹಿಸದೆ, ಎಲ್ಲ ಗಣ್ಯಪಕ್ಷಗಳನ್ನೂ ಅವುಗಳ ತೂಕಕ್ಕೆ ತಕ್ಕಂತೆ ಹೇಳತಕ್ಕದ್ದು. ಎರಡನೆಯದು ಪರಿಶೀಲನಾರ್ಹತೆ: ಹೇಳಿದ ಮಾತಿಗೆ ಪ್ರಕಟಿತವಾದ, ನಂಬತಕ್ಕ ಆಕರವನ್ನು ತೋರಿಸತಕ್ಕದ್ದು. ಮೂರನೆಯದು ಸ್ವಕಪೋಲಕಲ್ಪಿತನಿಷೇಧ: ಬರೆಯುವವನು ತನ್ನದೇ ಆದ ಹೊಸ ಸಂಶೋಧನೆಯನ್ನು ಅಲ್ಲಿ ಮಂಡಿಸಕೂಡದು. ಇವುಗಳಲ್ಲಿ ಶಾಸ್ತ್ರಜ್ಞರಿಗೆ ಅಪರಿಚಿತವಾದುದು ಯಾವುದು? ಪೂರ್ವಪಕ್ಷವನ್ನು ಎದುರಾಳಿಯೇ ಒಪ್ಪುವಂತೆ ನಿರೂಪಿಸಬೇಕೆಂಬುದೇ ಮೊದಲನೆಯ ನಿಯಮದ ಜೀವಾಳ. ಮೂಲವಿಲ್ಲದುದನ್ನು ಬರೆಯೆನೆಂದು ಕಾವ್ಯವ್ಯಾಖ್ಯಾತೃವಾದ ಮಲ್ಲಿನಾಥಸೂರಿಯು ಮಾಡಿದ ಪ್ರತಿಜ್ಞೆಯೇ ಎರಡನೆಯದು. ಮೂರನೆಯದು ಮಾತ್ರ ಸಾಧಕರಿಗೆ ಕಷ್ಟವಾಗಿ ಕಾಣುವುದು. ಏಕೆಂದರೆ ಷಟ್‌ಸ್ಥಲಮಾರ್ಗದಲ್ಲಿ ಸ್ವಾನುಭಾವವೇ ಪರಮಪ್ರಮಾಣ. ಆದರೆ ಅನುಭಾವವು ಸಾಧಕನ ಪಾಲಿನ ಪ್ರಮಾಣ. ಕೋಶವನ್ನು ಓದುವ ಅಪರಿಚಿತನಿಗೆ ಅದನ್ನು ಪರೀಕ್ಷಿಸುವ ದಾರಿಯಿಲ್ಲ. ಪೂಜಾಗೃಹದಲ್ಲಿ ಸಲ್ಲುವುದು ನ್ಯಾಯಸಭೆಯಲ್ಲಿ ಸಲ್ಲದೆ ಹೋದರೆ, ಅದರಿಂದ ಪೂಜೆಗೆ ಕುಂದಿಲ್ಲ.

ದರ್ಶನಲೇಖನಗಳು ಉಳಿದ ಲೇಖನಗಳಿಗಿಂತ ಕಷ್ಟತರವೇಕೆಂಬುದನ್ನು ಇನ್ನು ವಿಚಾರಿಸಬೇಕು. ಒಂದು ನದಿಯ ಉದ್ದವನ್ನು ಅಳೆದು ನೋಡಬಹುದು. ಒಂದು ಯುದ್ಧದ ತಾರೀಖನ್ನು ಶಾಸನದಿಂದ ನಿರ್ಣಯಿಸಬಹುದು. 2005 ರಲ್ಲಿ ‘ನೇಚರ್’ ಎಂಬ ವಿಜ್ಞಾನಪತ್ರಿಕೆಯವರು ವಿಕಿಪೀಡಿಯವನ್ನೂ ಬ್ರಿಟಾನಿಕ ವಿಶ್ವಕೋಶವನ್ನೂ 42 ವಿಷಯಗಳಲ್ಲಿ ಹೋಲಿಸಿದಾಗ, ಲೇಖನವೊಂದಕ್ಕೆ ಮೊದಲನೆಯದರಲ್ಲಿ ಸುಮಾರು ನಾಲ್ಕು, ಎರಡನೆಯದರಲ್ಲಿ ಸುಮಾರು ಮೂರು ತಪ್ಪುಗಳು ದೊರೆತುವು. ಬ್ರಿಟಾನಿಕದವರು ಈ ಪರೀಕ್ಷೆಯ ಕ್ರಮವನ್ನು ಒಪ್ಪಲಿಲ್ಲ. ಅದು ಹೇಗೇ ಇರಲಿ, ಆ ವಿಷಯಗಳೆಲ್ಲ ಭೌತವಿಜ್ಞಾನಾದಿಗಳಿಗೆ ಸೇರಿದುವು. ದರ್ಶನದಲ್ಲಿ ಹೀಗೆ ತಪ್ಪುಗಳನ್ನು ಎಣಿಸುವುದು ಸುಲಭವಲ್ಲ. “ಜಗತ್ತು ಮಿಥ್ಯೆ” ಎಂಬುದು ತಪ್ಪೋ ಸರಿಯೋ ಎಂದು ಕೋಶವು ಹೇಳಲಾರದು. “ಅದ್ವೈತಿಗಳು ಜಗತ್ತನ್ನು ಮಿಥ್ಯೆಯೆನ್ನುವರು, ಶಕ್ತಿವಿಶಿಷ್ಟಾದ್ವೈತಿಗಳು ಅದನ್ನು ಶಿವಶಕ್ತಿಯ ಪರಿಣಾಮವಾಗಿ ಸತ್ಯವೆನ್ನುವರು” ಎಂದು ಮಾತ್ರ ಹೇಳಬಲ್ಲುದು. ಆದುದರಿಂದ ದರ್ಶನಲೇಖನದಲ್ಲಿ ಪ್ರತಿಯೊಂದು ವಾಕ್ಯವೂ ಒಬ್ಬರ ಬಾಯಿಯಲ್ಲಿರಬೇಕು. ಯಾರ ಬಾಯಿಯಲ್ಲಿಯೂ ಇಲ್ಲದೆ ಗಾಳಿಯಲ್ಲಿ ತೇಲುವ ವಾಕ್ಯವೇ ಮೊದಲನೆಯ ಅಶುದ್ಧಿ.

ಇನ್ನೊಂದು ಸ್ವಾರಸ್ಯವಾದ ಸಂಗತಿಯುಂಟು. ಇಂಗ್ಲಿಷ್ ವಿಕಿಪೀಡಿಯದ ಯಾವುದಾದರೊಂದು ಲೇಖನವನ್ನು ತೆರೆದು, ಅದರ ಮೊದಲನೆಯ ಕೊಂಡಿಯನ್ನು ಹಿಡಿದು ಮತ್ತೊಂದಕ್ಕೆ, ಅಲ್ಲಿಯ ಮೊದಲನೆಯ ಕೊಂಡಿಯನ್ನು ಹಿಡಿದು ಇನ್ನೊಂದಕ್ಕೆ ಹೋಗುತ್ತಿದ್ದರೆ, ಬಹುಪಾಲು ಕೊನೆಗೆ ‘ತತ್ತ್ವಶಾಸ್ತ್ರ’ವೆಂಬ ಲೇಖನಕ್ಕೇ ಸೇರುವುದನ್ನು ಅನೇಕರು ಪರೀಕ್ಷಿಸಿ ಕಂಡಿರುವರು. ಇದರ ಕಾರಣವನ್ನು ನ್ಯಾಯಶಾಸ್ತ್ರ ಬಲ್ಲವರು ಸುಲಭವಾಗಿ ಹೇಳುವರು. ಲೇಖನದ ಮೊದಲನೆಯ ವಾಕ್ಯವು ಲಕ್ಷಣವಾಕ್ಯ. ಲಕ್ಷಣವು ವಿಶೇಷವನ್ನು ಸಾಮಾನ್ಯದ ಕೆಳಗೆ ತರುವುದು. ಅಪರಸಾಮಾನ್ಯದಿಂದ ಪರಸಾಮಾನ್ಯಕ್ಕೆ ಏರುತ್ತ ಹೋದರೆ ಕಡೆಗೆ ನಿಲ್ಲುವುದು ಪದಾರ್ಥವಿಚಾರದಲ್ಲಿಯೇ. ಹೀಗೆ ಎಲ್ಲ ಲೇಖನಗಳ ಬೇರೂ ದರ್ಶನದಲ್ಲಿರಲು, ಬೇರಿನಲ್ಲಿಯೇ ಹುಳುವಿದ್ದರೆ ಮರದ ಗತಿಯೇನು?

ಲಕ್ಷಣವಾಕ್ಯವನ್ನು ಪರೀಕ್ಷಿಸುವ ಒರೆಗಲ್ಲು ಪಾಠಶಾಲೆಯ ಬಾಲಕರ ಕೈಯಲ್ಲಿಯೇ ಇರುವುದು. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಲ್ಲದುದೇ ಲಕ್ಷಣ. “ವಚನವೆಂದರೆ ಹನ್ನೆರಡನೆಯ ಶತಮಾನದ ಶರಣರ ಗದ್ಯಕೃತಿ” ಎಂದರೆ ತೋಂಟದ ಸಿದ್ಧಲಿಂಗಯತಿಗಳ ವಚನಗಳು ಹೊರಗುಳಿದು ಅವ್ಯಾಪ್ತಿಯಾಗುವುದು. “ವಚನವೆಂದರೆ ಶಿವಪರವಾದ ಗದ್ಯ” ಎಂದರೆ ವಿವೇಕಚಿಂತಾಮಣಿಯ ಶೈವಭಾಗವೂ ಒಳಹೊಕ್ಕು ಅತಿವ್ಯಾಪ್ತಿಯಾಗುವುದು. ಇಂತಹ ಪರೀಕ್ಷೆಯನ್ನು ಮಾಡದೆ ಬರೆದ ಆದಿವಾಕ್ಯಗಳು ಕೋಶದಲ್ಲಿ ಹಲವಿರುವುವು. ಅವುಗಳಲ್ಲಿ ಒಂದನ್ನು ಸರಿಪಡಿಸುವುದು ಚಿಕ್ಕ ಕೆಲಸವಾದರೂ, ಅದರ ಫಲವು ಓದುವವರೆಲ್ಲರನ್ನೂ ಮುಟ್ಟುವುದು.

ಎರಡನೆಯ ಅಶುದ್ಧಿಯು ಭಾಷಾಂತರದಿಂದ ಬರುವುದು. 2010 ರ ಸುಮಾರಿನಲ್ಲಿ ಭಾಷಾಂತರಯಂತ್ರದ ನೆರವಿನಿಂದ ಇಂಗ್ಲಿಷಿನ ಉದ್ದುದ್ದನೆಯ ಲೇಖನಗಳು ಕನ್ನಡ ಮೊದಲಾದ ಭಾರತೀಯ ಭಾಷೆಗಳ ವಿಕಿಪೀಡಿಯಗಳಲ್ಲಿ ತಂದು ಸುರಿಯಲ್ಪಟ್ಟುವು. ಅಕ್ಷರಗಳು ಕನ್ನಡದವು, ವಾಕ್ಯಗಳು ಮಾತ್ರ ಯಾರಿಗೂ ಅರ್ಥವಾಗದವು. ದರ್ಶನದ ಪಾರಿಭಾಷಿಕ ಶಬ್ದಗಳಿಗೆ ಇದರಷ್ಟು ಅಪಾಯಕರವಾದುದು ಬೇರೊಂದಿಲ್ಲ. ಷಟ್‌ಸ್ಥಲದ ‘ಸ್ಥಲ’ವನ್ನು ಬರಿಯ ‘ಜಾಗ’ವೆಂದು ಪರಭಾಷೆಗೆ ತಿರುಗಿಸಿದರೆ ಅರ್ಥವೇ ಹಾರಿಹೋಗುವುದು, ಚರಾಚರವೆಲ್ಲ ಯಾವುದರಲ್ಲಿ ನೆಲೆಗೊಂಡು ಯಾವುದರಲ್ಲಿ ಲಯವಾಗುವುದೋ ಆ ಪರವಸ್ತುವೇ ಸ್ಥಲವೆಂದು ಮಾಯಿದೇವರು ಅನುಭವಸೂತ್ರದಲ್ಲಿ ನಿರ್ವಚನ ಮಾಡಿರುವರು. ‘ಅಂಗ’ವೆಂದರೆ ಕೈಕಾಲುಗಳಲ್ಲ, ಉಪಾಸಕನಾದ ಜೀವನು. ‘ಶೂನ್ಯ’ವೆಂದರೆ ಏನೂ ಇಲ್ಲದಿರುವಿಕೆಯಲ್ಲ. ಹೀಗೆಯೇ ಪಾಶ್ಚಾತ್ಯ ದರ್ಶನದ ಶಬ್ದಗಳಿಗೂ ಅನ್ಯಾಯವಾಗುವುದುಂಟು. ಅರಿಸ್ಟಾಟಲನ ಮೂಲಪದಾರ್ಥವಿಚಾರವನ್ನು ಕನ್ನಡಿಸುವವನು ವೈಶೇಷಿಕರ ‘ದ್ರವ್ಯ’ಶಬ್ದವನ್ನು ಬಳಸಿದರೆ, ಎರಡಕ್ಕೂ ಇರುವ ಸಾಮ್ಯವನ್ನೂ ಭೇದವನ್ನೂ ಒಂದು ಮಾತಿನಲ್ಲಿಯಾದರೂ ಸೂಚಿಸಬೇಕು. ಎರಡು ಶಾಸ್ತ್ರಗಳನ್ನೂ ಬಲ್ಲವನು ಇದನ್ನು ಮಾಡಬೇಕೇ ಹೊರತು, ಎರಡನ್ನೂ ಅರಿಯದ ಯಂತ್ರವಲ್ಲ.

ಮೂರನೆಯ ಅಶುದ್ಧಿಯು ಸ್ತುತಿ. ಇದನ್ನು ಈ ಸಭೆಯಲ್ಲಿ ಹೇಳುವುದು ಆವಶ್ಯಕ. ಏಕೆಂದರೆ ಇದು ಭಕ್ತರಿಂದಲೇ ಆಗುವ ಅಪರಾಧ. ಭಕ್ತನೊಬ್ಬನು ಉತ್ಸಾಹದಿಂದ ಕೋಶವನ್ನು ತೆರೆದು, ತನ್ನ ಸಂಪ್ರದಾಯದ ಆಚಾರ್ಯರನ್ನು ಕುರಿತು “ಜಗತ್ತೇ ಕಂಡರಿಯದ ಮಹಾಜ್ಞಾನಿಗಳು, ಸರ್ವಶ್ರೇಷ್ಠ ದರ್ಶನದ ಪ್ರವರ್ತಕರು” ಎಂದು ಬರೆಯುವನು. ಒಂದೆರಡು ದಿವಸಗಳಲ್ಲಿ ಮತ್ತೊಬ್ಬನು ಬಂದು ಅದನ್ನು ಅಳಿಸುವನು. ಭಕ್ತನು ಕೋಪಗೊಂಡು ಮತ್ತೆ ಬರೆಯುವನು. ಅವನು ಮತ್ತೆ ಅಳಿಸುವನು. ಕಡೆಗೆ ಭಕ್ತನ ಬರವಣಿಗೆಗೆ ತಡೆ ಬೀಳುವುದು; ಅವನು “ನಮ್ಮ ಧರ್ಮಕ್ಕೆ ಅಪಮಾನವಾಯಿತು” ಎಂದು ಮನೆಗೆ ಹಿಂದಿರುಗುವನು. ಲೇಖನವೋ ಮೊದಲಿದ್ದಂತೆಯೇ ಬಡವಾಗಿ ಉಳಿಯುವುದು. ಇಲ್ಲಿ ಅಪಮಾನ ಮಾಡಿದವರು ಯಾರು? ಆ ಆಚಾರ್ಯರು ಯಾವ ಗ್ರಂಥವನ್ನು ಬರೆದರು, ಯಾವ ಪ್ರಶ್ನೆಗೆ ಯಾವ ಉತ್ತರವನ್ನು ಕೊಟ್ಟರು, ಅದಕ್ಕೆ ಇತರರು ಏನು ಆಕ್ಷೇಪಿಸಿದರು ಎಂಬುದನ್ನು ಆಕರಸಹಿತವಾಗಿ ನಾಲ್ಕು ವಾಕ್ಯಗಳಲ್ಲಿ ಬರೆದಿದ್ದರೆ, ಅದನ್ನು ಅಳಿಸುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ವಿಶೇಷಣಗಳು ಅಳಿಯುವುವು, ವಿಷಯವು ಉಳಿಯುವುದು. ಸ್ತುತಿಗೆ ಸ್ಥಾನವಿಲ್ಲವೆಂದಲ್ಲ, ಇಂತಹ ಸ್ಮರಣಸಂಚಿಕೆಗಳೂ, ಪುರಾಣಪ್ರವಚನಗಳೂ, ಪೂಜಾಗೃಹವೂ ಅದರ ಸ್ಥಾನಗಳು.

ಇದೇ ಕಾರಣದಿಂದ ಮತ್ತೊಂದು ಮಾತು. ತನಗೆ ಹತ್ತಿರದ ಸಂಬಂಧವಿರುವ ವ್ಯಕ್ತಿಯನ್ನೋ ಸಂಸ್ಥೆಯನ್ನೋ ಕುರಿತು ತಾನೇ ಲೇಖನ ಬರೆಯುವುದನ್ನು ಆ ಕೋಶದ ನಿಯಮವು ಬಲವಾಗಿ ನಿರುತ್ಸಾಹಗೊಳಿಸುವುದು. ಆದುದರಿಂದ ಮಹೋತ್ಸವದ ಸಂಭ್ರಮದಲ್ಲಿ ಶ್ರೀಮಠವನ್ನು ಕುರಿತು, ಶ್ರೀಗುರುಗಳನ್ನು ಕುರಿತು ಅಲ್ಲಿ ಬರೆಯಬೇಕೆಂಬ ಆಸೆಯು ಶಿಷ್ಯರಿಗೆ ಹುಟ್ಟಿದರೆ ಅದನ್ನು ಅಡಗಿಸಿಕೊಳ್ಳುವುದು ಯುಕ್ತ. ತಪ್ಪು ಕಂಡರೆ ಸಂಬಂಧವನ್ನು ಮುಚ್ಚದೆ ಹೇಳಿಕೊಂಡು ಚರ್ಚೆಯ ಪುಟದಲ್ಲಿ ಸೂಚಿಸಬಹುದು. ನಿರ್ಣಯವನ್ನು ಮಾತ್ರ ಇತರರಿಗೆ ಬಿಡಬೇಕು.

ನಾಲ್ಕನೆಯ ಅಶುದ್ಧಿಯು ಕಲಹ. ಗೌತಮರ ನ್ಯಾಯಸೂತ್ರದಲ್ಲಿ ಕಥೆಯು ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿರುವುದು. ತತ್ತ್ವವನ್ನರಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನಗೊಂದು ಪಕ್ಷವಿಲ್ಲದೆ ಎದುರಾಳಿಯನ್ನು ಕೆಡಹುವುದಷ್ಟೇ ವಿತಂಡ. ಕೋಶದ ಚರ್ಚಾಪುಟಗಳಲ್ಲಿ ಈ ಮೂರೂ ಕಾಣುವುವು. ಒಬ್ಬನು ಒಂದೇ ಪುಟದಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೂರು ಸಲಕ್ಕಿಂತ ಹೆಚ್ಚಾಗಿ ಇತರರ ತಿದ್ದುಪಡಿಯನ್ನು ಹಿಂದಿರುಗಿಸಕೂಡದೆಂಬ ನಿಯಮವು ಇಂಗ್ಲಿಷ್ ವಿಕಿಪೀಡಿಯದಲ್ಲಿ ಹುಟ್ಟಿದುದು ಜಲ್ಪವಿತಂಡಗಳ ಕಾಟದಿಂದಲೇ.

ಲಿಂಗಾಯತವೂ ವೀರಶೈವವೂ ಒಂದೆಯೋ ಎರಡೋ ಎಂಬ ವಿವಾದವನ್ನೇ ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. 2018 ರಲ್ಲಿ ಈ ವಿಷಯವು ಸರಕಾರದವರೆಗೂ ಹೋದುದು ಎಲ್ಲರಿಗೂ ನೆನಪಿರುವುದು. ಒಂದು ಪಕ್ಷದವರು ಬಸವಾದಿ ಪ್ರಮಥರ ವಚನಗಳನ್ನೇ ಮೂಲಪ್ರಮಾಣವೆನ್ನುವರು. ಮತ್ತೊಂದು ಪಕ್ಷದವರು ಪಂಚಾಚಾರ್ಯಪರಂಪರೆಯನ್ನೂ ಆಗಮಗಳನ್ನೂ ಸಿದ್ಧಾಂತಶಿಖಾಮಣಿಯನ್ನೂ ಮುಂದಿಡುವರು. ಮನೆಯಲ್ಲಿ, ಸಭೆಯಲ್ಲಿ, ಪತ್ರಿಕೆಯಲ್ಲಿ ಅವರವರ ಪಕ್ಷವನ್ನು ಅವರವರು ಸಾಧಿಸಲಿ. ಆದರೆ ವಿಶ್ವಕೋಶವು ತೀರ್ಪುಗಾರನ ಪೀಠವಲ್ಲ. ಇಂಥವರು ಇಂಥ ಗ್ರಂಥದ ಆಧಾರದಿಂದ ಹೀಗೆನ್ನುವರು, ಇಂಥವರು ಹಾಗೆನ್ನುವರು ಎಂದು ಎರಡನ್ನೂ ಹೇಳಿ ಕೈಮುಗಿಯುವುದೇ ಅದರ ಧರ್ಮ. ಒಂದು ಪಕ್ಷವನ್ನು ಅಳಿಸಿ ಇನ್ನೊಂದನ್ನು ಮಾತ್ರ ಉಳಿಸಿದರೆ ನಾಳೆ ಬೇರೊಬ್ಬನು ಬಂದು ಉಳಿದುದನ್ನೂ ಅಳಿಸುವನು. ಎದುರುಪಕ್ಷಕ್ಕೆ ನ್ಯಾಯ ದೊರೆತ ಲೇಖನವೇ ಸ್ವಪಕ್ಷಕ್ಕೂ ಆಶ್ರಯ.

ಇಲ್ಲಿ ಒಂದು ಐತಿಹಾಸಿಕ ಪಾಠವೂ ಇರುವುದು. ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರು ‘ಸರ್ವದರ್ಶನಸಂಗ್ರಹ’ದಲ್ಲಿ ಚಾರ್ವಾಕರಿಂದ ಮೊದಲುಗೊಂಡು ದರ್ಶನಗಳನ್ನು ಒಂದೊಂದಾಗಿ ನಿರೂಪಿಸಿದರು. ತಾವು ಒಪ್ಪದ ಮತಗಳನ್ನೂ ಅವುಗಳ ಯುಕ್ತಿಗಳೊಡನೆ ಬರೆದುದರಿಂದ, ಮೂಲಗ್ರಂಥಗಳೇ ವಿರಳವಾದ ಚಾರ್ವಾಕಮತವನ್ನು ಅರಿಯಲು ಇಂದಿಗೂ ಅದು ಮುಖ್ಯಸಾಧನವಾಗಿದೆ. ಅದರಲ್ಲಿ ನಕುಲೀಶ ಪಾಶುಪತ, ಶೈವ, ಪ್ರತ್ಯಭಿಜ್ಞಾ, ರಸೇಶ್ವರ ಎಂಬ ನಾಲ್ಕು ಶೈವಭೇದಗಳಿಗೆ ಸ್ಥಾನವಿರುವುದು. ಶಕ್ತಿವಿಶಿಷ್ಟಾದ್ವೈತಕ್ಕೆ ಮಾತ್ರ ಪ್ರತ್ಯೇಕ ಪ್ರಕರಣವಿಲ್ಲ. ಆ ಗ್ರಂಥವನ್ನು ಓದಿ ಭಾರತೀಯ ದರ್ಶನಗಳನ್ನು ತಿಳಿದವರಿಗೆ ಈ ದರ್ಶನವು ಇಲ್ಲವೇ ಇಲ್ಲವೆಂಬಂತಾಯಿತು. ಸಂಗ್ರಹಗ್ರಂಥದಲ್ಲಿ ಬಿಟ್ಟುಹೋದುದರ ನಷ್ಟವು ಇಷ್ಟು ದೊಡ್ಡದು. ಆ ಕಾಲದಲ್ಲಿ ಬಿಟ್ಟುಹೋದ ಪ್ರಕರಣವನ್ನು ಸೇರಿಸಲು ಯಾರಿಗೂ ಅಧಿಕಾರವಿರಲಿಲ್ಲ. ಇಂದಿನ ಸಂಗ್ರಹದಲ್ಲಿ ಎಲ್ಲರಿಗೂ ಅಧಿಕಾರವಿದೆ. ಇದ್ದೂ ಬಿಟ್ಟರೆ ದೋಷವು ಬಿಟ್ಟವರದೇ.

ಹಾಗಾದರೆ ಕ್ರಮವಾದ ಲೇಖನವು ಹೇಗಿರಬೇಕು? ಷಟ್‌ಸ್ಥಲವನ್ನೇ ತೆಗೆದುಕೊಳ್ಳೋಣವಾಗಲಿ. ವಾತ್ಸ್ಯಾಯನರು ಶಾಸ್ತ್ರಪ್ರವೃತ್ತಿಗೆ ಉದ್ದೇಶ, ಲಕ್ಷಣ, ಪರೀಕ್ಷೆಯೆಂಬ ಮೂರು ಮೆಟ್ಟಿಲುಗಳನ್ನು ಹೇಳಿರುವರು. ಮೊದಲು ಉದ್ದೇಶ: ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಆರು ಅಂಗಸ್ಥಲಗಳು, ಆಚಾರ, ಗುರು, ಶಿವ, ಜಂಗಮ, ಪ್ರಸಾದ, ಮಹಾಲಿಂಗಗಳೆಂದು ಅವಕ್ಕೆ ಸಂಬಂಧಿಸಿದ ಲಿಂಗಸ್ಥಲಗಳು. ಅನಂತರ ಲಕ್ಷಣ: ಒಂದೊಂದು ಸ್ಥಲದ ಸ್ವರೂಪವನ್ನು ಹೊರಗಿನವನಿಗೂ ತಿಳಿಯುವ ಮಾತಿನಲ್ಲಿ ಹೇಳುವುದು. ಕಡೆಗೆ ಪರೀಕ್ಷೆ: ಸಿದ್ಧಾಂತಶಿಖಾಮಣಿಯಲ್ಲಿ 44 ಅಂಗಸ್ಥಲಗಳೂ 57 ಲಿಂಗಸ್ಥಲಗಳೂ ಕೂಡಿ 101 ಸ್ಥಲಗಳಾಗುವುದು, ಆ ಗ್ರಂಥವನ್ನು ಪರಂಪರೆಯು ಅತಿಪ್ರಾಚೀನವೆನ್ನುವುದು, ಅನೇಕ ಸಂಶೋಧಕರು ಶರಣರಿಗಿಂತ ಈಚಿನದೆನ್ನುವುದು, ಆರು ಸ್ಥಲಗಳು ಏರುವ ಮೆಟ್ಟಿಲುಗಳೋ, ಒಂದರೊಳಗೊಂದು ಆರೂ ಇರುವುವೋ ಎಂಬ ಚರ್ಚೆ, ಇವೆಲ್ಲವೂ ಅಲ್ಲಿ ಬರಬೇಕು. ಪ್ರತಿಯೊಂದು ಮಾತಿಗೂ ಗ್ರಂಥದ ಹೆಸರು, ಸಂಪಾದಕರು, ಮುದ್ರಣದ ವರುಷ, ಪುಟದ ಸಂಖ್ಯೆ ಕೂಡಿರಬೇಕು. ಸಂಶೋಧಕರ ಸಂದೇಹವನ್ನು ಬರೆಯುವುದರಿಂದ ಶ್ರದ್ಧೆಗೆ ಹಾನಿಯೆಂದು ಶಂಕಿಸುವುದು ಬೇಡ. ಪ್ರಶ್ನೆಗೆ ಅಂಜುವ ಶ್ರದ್ಧೆಯು ಅನುಭವಮಂಟಪದ ಸಂತಾನಕ್ಕೆ ಒಪ್ಪುವುದಲ್ಲ.

ಆಕರಗಳು ಎಲ್ಲಿವೆ ಎಂದು ಕೇಳುವರು. ಇಂಗ್ಲಿಷ್ ಬಲ್ಲವರಿಗೆ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದವರು 1995 ರಿಂದ ನಡೆಯಿಸುತ್ತಿರುವ ದರ್ಶನಕೋಶವು ಅಂತರ್ಜಾಲದಲ್ಲಿಯೇ ಉಚಿತವಾಗಿ ದೊರೆಯುವುದು. ಅದರ ಲೇಖನಗಳು ತಜ್ಞರಿಂದ ಬರೆಯಲ್ಪಟ್ಟು ತಜ್ಞರಿಂದ ಪರೀಕ್ಷಿಸಲ್ಪಟ್ಟವು. ಪಾಶ್ಚಾತ್ಯದರ್ಶನದ ಲೇಖನಗಳನ್ನು ಕನ್ನಡದಲ್ಲಿ ತಿದ್ದುವವರು ಅದನ್ನು ಮುಂದಿಟ್ಟುಕೊಳ್ಳಬೇಕು; ನಕಲು ಮಾತ್ರ ಮಾಡಕೂಡದು, ಅದರ ಹಕ್ಕುಗಳು ಕಾಯ್ದಿರಿಸಲ್ಪಟ್ಟಿರುವುವು. ಕನ್ನಡದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಕೆಲವು ಸಂಪುಟಗಳನ್ನು 2014 ರಲ್ಲಿ ಮುಕ್ತವಾದ ಪರವಾನಗಿಯಲ್ಲಿ ಬಿಟ್ಟುಕೊಟ್ಟು ಉದಾರವಾದ ಮೇಲ್ಪಂಕ್ತಿಯನ್ನು ಹಾಕಿರುವುದು.

ಶರಣಸಾಹಿತ್ಯದ ವಿಷಯದಲ್ಲಿಯಂತೂ ಈಗ ಒಂದು ಸುಯೋಗ ಒದಗಿರುವುದು. ವಿಜಾಪುರದಲ್ಲಿ ವಕೀಲರಾಗಿದ್ದ ಪೂಜ್ಯ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಊರೂರು ತಿರುಗಿ, ಮಠಮನೆಗಳ ತಾಡವೋಲೆಗಳನ್ನು ಕೂಡಿಸಿ, 1923 ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು; 1926 ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಅವರು ಲಿಂಗೈಕ್ಯರಾದುದು 1964 ರಲ್ಲಿ. ಭಾರತದ ಕಾನೂನಿನಂತೆ ಗ್ರಂಥಕರ್ತನು ತೀರಿದ ಮೇಲೆ ಅರುವತ್ತು ವರುಷಗಳವರೆಗೆ ಹಕ್ಕು ಉಳಿಯುವುದಾದುದರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಗ್ರಂಥಗಳು 2025 ನೆಯ ಇಸವಿ ಜನವರಿ 1 ರಿಂದ ಸರ್ವರ ಸೊತ್ತಾದುವು. ಅವುಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಛಾಯಾಪ್ರತಿ ತೆಗೆದು, ಅಕ್ಷರಕ್ಕೆ ಅಕ್ಷರ ಹೋಲಿಸಿ, ವಿಕಿಪೀಡಿಯದ ಸೋದರಸಂಸ್ಥೆಯಾದ ವಿಕಿಸೋರ್ಸ್ ಎಂಬ ಮುಕ್ತಗ್ರಂಥಭಂಡಾರದಲ್ಲಿ ಇಡಬಹುದು. ಮಠಗಳ ಕಪಾಟುಗಳಲ್ಲಿ ಇನ್ನೂ ಮುದ್ರಣವನ್ನು ಕಾಣದ ಓಲೆಗಳಿರುವುವು. ಅವು ಎಷ್ಟು ಅಮೂಲ್ಯವಾದರೂ ಬೀಗದೊಳಗಿರುವವರೆಗೆ ಆಕರವಾಗಲಾರವು. ಪರರು ನೋಡಿ ಪರಿಶೀಲಿಸುವಂತಾದಾಗಲೇ ಅವು ಪ್ರಮಾಣದ ಪದವಿಗೆ ಬರುವುವು. ಮೊದಲು ಪ್ರಕಾಶನ, ಅನಂತರ ಉಲ್ಲೇಖ; ಇದೇ ಹಳಕಟ್ಟಿಯವರು ತೋರಿದ ದಾರಿ.

ಕಡೆಯದಾಗಿ ಈ ಕಾರ್ಯದ ಸ್ವಭಾವವನ್ನು ಕುರಿತು ಒಂದು ಮಾತು. ವಚನಕ್ಕೆ ಅಂಕಿತವುಂಟು, ಈ ಕೋಶದ ಲೇಖನಕ್ಕೆ ಅಂಕಿತವಿಲ್ಲ. ಬರೆದವನ ಹೆಸರು ಪುಟದ ಮೇಲೆ ಮುದ್ರಿತವಾಗದು. ವೇತನವಿಲ್ಲ, ಶಾಲು ಸನ್ಮಾನಗಳಿಲ್ಲ. ಬರೆದುದನ್ನು ಯಾವ ಅಜ್ಞಾತನಾದರೂ ಬಂದು ತಿದ್ದುವನು. ಇಪ್ಪತ್ತು ವರುಷ ಭಾಷ್ಯ ಓದಿದ ವಿದ್ವಾಂಸನ ವಾಕ್ಯದ ಕೆಳಗೆ ಹದಿನೆಂಟರ ಹುಡುಗನೊಬ್ಬನು “ಇದಕ್ಕೆ ಆಕರವೆಲ್ಲಿ?” ಎಂದು ಗುರುತು ಹಾಕುವನು. ವಿದ್ವಾಂಸನಿಗೆ ಸಿಟ್ಟು ಬರುವುದು ಸಹಜವೇ. ಆದರೆ ಹುಡುಗನ ಪ್ರಶ್ನೆ ನ್ಯಾಯವಾದುದಾದರೆ ಎದ್ದುಹೋಗಿ ಗ್ರಂಥವನ್ನು ತೆಗೆದು ಪುಟವನ್ನು ತೋರಿಸಬೇಕಾದುದೇ ವಿದ್ವಾಂಸನ ಧರ್ಮ. ಎಷ್ಟೋ ಸಲ ಹಾಗೆ ತೆಗೆದು ನೋಡಿದಾಗ, ಇಷ್ಟು ವರುಷ ಬಾಯಿಪಾಠದಿಂದ ಹೇಳುತ್ತಿದ್ದ ಮಾತು ಮೂಲದಲ್ಲಿ ಬೇರೆಯೇ ಇರುವುದು ಕಂಡುಬರುವುದು. ಆಗ ತಿದ್ದಲ್ಪಟ್ಟುದು ಲೇಖನವೊಂದೇ ಅಲ್ಲ. ಹೆಸರನ್ನು ಬಯಸದೆ ದುಡಿಯುವುದು ಕಾಯಕವಾದರೆ, ದುಡಿದುದನ್ನು ತನ್ನದೆನ್ನದೆ ಸಮಾಜಕ್ಕೆ ಸಲ್ಲಿಸುವುದು ದಾಸೋಹವಾದರೆ, ಇದಕ್ಕಿಂತ ಬೇರೆ ಜ್ಞಾನದಾಸೋಹವು ಯಾವುದು? ಮಠದ ಪ್ರಸಾದನಿಲಯದಲ್ಲಿ ಉಂಡವರು ಯಾರೆಂದು ಕೇಳದೆ ಬಡಿಸುವಂತೆ, ಓದುವವರು ಯಾರೆಂದು ಕೇಳದೆ ಅರಿವನ್ನು ಬಡಿಸಬೇಕಾಗಿರುವುದು. ಬಡಿಸುವ ಅನ್ನದಲ್ಲಿ ಕಲ್ಲಿರಬಾರದೆಂಬುದೊಂದೇ ಕಟ್ಟು.

ಆದುದರಿಂದ ಈ ಮಹೋತ್ಸವದ ಸ್ಮರಣಾರ್ಥವಾಗಿ ಪಾಠಶಾಲೆಯ ಪ್ರತಿಯೊಬ್ಬ ಪ್ರೌಢವಿದ್ಯಾರ್ಥಿಯೂ ವರುಷಕ್ಕೆ ಒಂದೇ ಒಂದು ದರ್ಶನಲೇಖನವನ್ನು ಆರಿಸಿಕೊಂಡು, ಅದರ ಲಕ್ಷಣವನ್ನು ಒರೆಗೆ ಹಚ್ಚಿ, ಆಕರಗಳನ್ನು ಕೂಡಿಸಿ, ಎದುರುಪಕ್ಷಕ್ಕೆ ನ್ಯಾಯವನ್ನು ಸಲ್ಲಿಸಿ ಶುದ್ಧಗೊಳಿಸುವ ನೇಮವನ್ನು ಕೈಕೊಳ್ಳಲಿ. ಆ ಲೇಖನವು ಸ್ವದರ್ಶನದ್ದೇ ಆಗಬೇಕೆಂಬ ನಿರ್ಬಂಧ ಬೇಡ. ಬೌದ್ಧರದಾಗಲಿ, ಜೈನರದಾಗಲಿ, ಯವನರದಾಗಲಿ, ಪರರ ದರ್ಶನವನ್ನು ಪ್ರಾಮಾಣಿಕವಾಗಿ ಬರೆಯಬಲ್ಲವನು ಸ್ವದರ್ಶನವನ್ನೂ ಪ್ರಾಮಾಣಿಕವಾಗಿ ಬರೆಯುವನು. ಯಂತ್ರವಿದ್ಯೆಯನ್ನು ಬಲ್ಲ ತರುಣ ಭಕ್ತರು ವೃದ್ಧ ಪಂಡಿತರ ಬಳಿ ಕುಳಿತು ಅವರ ಬಾಯಿಯ ವಿದ್ಯೆಯನ್ನು ಬೆರಳಿಗೆ ತಂದುಕೊಳ್ಳಲಿ. ಪಂಡಿತರೂ ತರುಣರಿಂದ ಈ ಹೊಸ ಓಲೆಯ ಮೇಲೆ ಕಂಠವನ್ನು ಹಿಡಿಯುವ ಬಗೆಯನ್ನು ಕಲಿಯಲಿ. ವರುಷಕ್ಕೆ ಹತ್ತು ಲೇಖನಗಳು ಶುದ್ಧವಾದರೂ ಮುಂದಿನ ಮಹೋತ್ಸವದ ವೇಳೆಗೆ ಕನ್ನಡದಲ್ಲಿ ಒಂದು ದರ್ಶನಕೋಶವೇ ನಿಂತಿರುವುದು.

ಶ್ರೀಗುರುವಿನ ಕೃಪೆಯಿಂದ ಈ ಸಂಕಲ್ಪವು ಕೈಗೂಡಲಿ. ಅರಿವು ಎಲ್ಲರಿಗೂ ಎಟುಕುವಂತಾಗಲಿ.

ಇತಿ ಶಿವಂ. ಸರ್ವೇಷಾಂ ಮಂಗಳಂ ಭವತು.